ಇಂದಿನ ಧಮ್ಮ ಚಿಂತನೆ: ಹೆರದ ತಾಯಿ





ನಾವೆಲ್ಲ ಸೇರಿ ಮೆತ್ತ ಸುತ್ತವನ್ನು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ತಾಯಿಯೊಬ್ಬಳು ತನ್ನ ಒಬ್ಬನೇ ಮಗನನ್ನು ಪ್ರಾಣ ಒತ್ತೆಯಿಟ್ಟು ಕಾಯುವ ಹಾಗೆ ಸಕಲ ಜೀವಿಗಳ ಮೇಲೂ ಮನಸ್ಸು ಇಡಬೇಕು ಎಂಬುದು ಅದರ ತಿರುಳು. ನನಗೆ ಮೊದಲಿನಿಂದ ಒಂದು ಅನುಮಾನವಿತ್ತು. ಹೆತ್ತ ಮಗುವನ್ನು ಕಾಯುವುದು ತಾಯಿಗೆ ಸಹಜ. ಹೆರದ ಮಗುವನ್ನು, ಅದರಲ್ಲೂ ಊರೆಲ್ಲ ಬೇಡ ಅಂದ ಮಗುವನ್ನು, ಹಾಗೆ ಕಾಯಲು ಆಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮಾತೆ ಸಾವಿತ್ರಿಬಾಯಿ ಫುಲೆಯವರ ಬದುಕಿನಲ್ಲಿ.

ಸಾವಿತ್ರಿಬಾಯಿ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಶಾಲೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಎರಚಿದ ಸೆಗಣಿ, ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದ ಇನ್ನೊಂದು ಸೀರೆ. ಜನವರಿ 3 ಬಂದರೆ ನಮ್ಮ ವಿಹಾರದಲ್ಲಿ ಮಕ್ಕಳು ಇದನ್ನೇ ಭಾಷಣ ಮಾಡುತ್ತಾರೆ. ಇಂದು ನಾನು ಹೇಳುವುದು ಆ ಶಾಲೆಯ ಮಾತಲ್ಲ. ಅವರ ಮನೆಯ ಮಾತು. ಯಶವಂತ ಎಂಬ ಒಬ್ಬ ಹುಡುಗನ ಮಾತು.

*ಬೆಳೆಸಿದವರ ಸಾಲು*

ಈ ಕತೆ ಯಶವಂತನಿಂದ ಶುರುವಾಗುವುದಿಲ್ಲ, ಜೋತಿಬಾ ಅವರಿಂದ ಶುರುವಾಗುತ್ತದೆ. 1827ರಲ್ಲಿ ಹುಟ್ಟಿದ ಜೋತಿಬಾಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ, ತಾಯಿ ಚಿಮಣಾಬಾಯಿ ತೀರಿಕೊಂಡರು. ಆ ಕೂಸನ್ನು ಎತ್ತಿಕೊಂಡವರು ಸಗುಣಾಬಾಯಿ. ಅವರು ಸಂಬಂಧದಲ್ಲಿ ಹತ್ತಿರದವರು, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಒಬ್ಬ ಮಿಷನರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದರು. ಅಲ್ಲಿ ಕಿವಿಗೆ ಬಿದ್ದ ಇಂಗ್ಲಿಷ್, ಅಲ್ಲಿ ಕಂಡ ಶಾಲೆ, ಅಲ್ಲಿ ಕಂಡ ಸೇವೆ, ಎಲ್ಲವನ್ನೂ ಮನೆಗೆ ತಂದರು. ಹೂ ಮಾರುವ ಮಾಳಿ ಮನೆಯ ಹುಡುಗ ಓದಬೇಕು ಎಂಬ ಹಟ ಮೊದಲು ಹುಟ್ಟಿದ್ದು ಈ ವಿಧವೆಯ ಎದೆಯಲ್ಲಿ.

ಸಾವಿತ್ರಿಬಾಯಿ 1840ರಲ್ಲಿ ಮದುವೆಯಾಗಿ ಬಂದಾಗ ಅವರಿಗೆ ಒಂಬತ್ತು ವರ್ಷ, ಜೋತಿಬಾಗೆ ಹದಿಮೂರು. ಸಾತಾರಾ ಜಿಲ್ಲೆಯ ನಾಯಗಾಂವದ ಖಂಡೋಜಿ ನೇವಸೆಯವರ ಮಗಳು, ಅಕ್ಷರ ಬಾರದವಳು. ಅತ್ತೆಯಿಲ್ಲದ ಆ ಮನೆಯಲ್ಲಿ ಅವರಿಗೆ ಸಿಕ್ಕ ತಾಯಿಯೂ ಸಗುಣಾಬಾಯಿಯೇ. ಮುಂದೆ ಸಾವಿತ್ರಿಬಾಯಿ ಕವಿತೆ ಬರೆದಾಗ ಈ ಆವೂಳ ಮೇಲೂ ಒಂದು ಬರೆದರು. ಹೆರದೆ ತಾಯಿಯಾಗುವುದು ಹೇಗೆ ಎಂಬ ಪಾಠ ಸಾವಿತ್ರಿಬಾಯಿಗೆ ಸಿಕ್ಕಿದ್ದು ಯಾವ ಪುಸ್ತಕದಿಂದಲೂ ಅಲ್ಲ, ತಮ್ಮ ಮನೆಯ ಒಲೆಯ ಮುಂದೆ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ನೋಡಿ. ಸಿದ್ಧಾರ್ಥರನ್ನು ಬೆಳೆಸಿದವರು ಮಹಾಪಜಾಪತಿ ಗೋತಮಿ, ಹೆತ್ತ ತಾಯಿ ಮಾಯಾದೇವಿ ಅಲ್ಲ. ಜೋತಿಬಾರನ್ನು ಬೆಳೆಸಿದವರು ಸಗುಣಾಬಾಯಿ. ನಮ್ಮ ಬಾಬಾಸಾಹೇಬರು ಎಳೆಯ ವಯಸ್ಸಿನಲ್ಲಿ ತಾಯಿ ಭೀಮಾಬಾಯಿಯನ್ನು ಕಳೆದುಕೊಂಡಾಗ ಮಡಿಲಿಗೆ ಹಾಕಿಕೊಂಡವರು ಬೆನ್ನು ಬಾಗಿದ ಸೋದರತ್ತೆ ಮೀರಾಬಾಯಿ. ನಮ್ಮ ಚರಿತ್ರೆಯ ದೊಡ್ಡ ಮರಗಳಿಗೆಲ್ಲ ನೀರು ಹೊಯ್ದವರು ಹೆರದ ಕೈಗಳು.

*ಮನೆಯ ಬಾಗಿಲು*

ಪುಣೆಯಲ್ಲಿ ಆಗ ಬ್ರಾಹ್ಮಣ ವಿಧವೆಯರ ಪಾಡು ಹೇಳತೀರದು. ಎಂಟು ಹತ್ತು ವರ್ಷಕ್ಕೆ ಗಂಡ ಸತ್ತರೆ ತಲೆ ಬೋಳಿಸಿ ಮೂಲೆಗೆ ಕೂರಿಸುವುದು. 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನು ಬಂದಿತ್ತು, ಆದರೆ ಕಾನೂನು ಕಾಗದದ ಮೇಲಿತ್ತು, ಜಾತಿ ಮನೆಯೊಳಗಿತ್ತು. ಅದೇ ಮನೆಯ ಗಂಡಸರು ಅವರನ್ನು ಕೆಡಿಸುತ್ತಿದ್ದರು. ಬಸಿರಾದರೆ ಅವಮಾನ ಹೆಣ್ಣಿನದು ಮಾತ್ರ. ಆಮೇಲೆ ಬಾವಿ, ನದಿ, ಇಲ್ಲವೇ ಹುಟ್ಟಿದ ಕೂಸಿನ ಕತ್ತು.

1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಶಿಶುಹತ್ಯೆ ತಡೆಯುವ ಒಂದು ಮನೆ ತೆರೆದರು. ಬೇರೆಲ್ಲೋ ಅಲ್ಲ, ತಮ್ಮ ಅಂಗಳದಲ್ಲೇ. ಯಾರೇ ಬಂದು ಗುಟ್ಟಾಗಿ ಹೆರಿಗೆ ಮಾಡಿಸಿಕೊಂಡು ಹೋಗಬಹುದು, ಮಗುವನ್ನು ಬಿಟ್ಟೂ ಹೋಗಬಹುದು ಅಂತ ಊರ ಗೋಡೆಗಳಿಗೆ ಚೀಟಿ ಅಂಟಿಸಿದರು. ಬಾಣಂತನ ಮಾಡಿದವರು ಸಾವಿತ್ರಿಬಾಯಿ. ಜೋತಿಬಾ 1884ರಲ್ಲಿ ಇದರ ಲೆಕ್ಕ ಬರೆದಿದ್ದಾರೆ. ಬಂದ ವಿಧವೆಯರು 35. ಹುಟ್ಟಿದ ಮಕ್ಕಳಲ್ಲಿ ಬದುಕಿ ಉಳಿದವರು 5. ಉಳಿದ 30 ಕೂಸುಗಳು, ಬಸಿರು ಮುಚ್ಚಿಡಲು ತಾಯಂದಿರು ಮೊದಲೇ ಕುಡಿದಿದ್ದ ವಿಷದ ಔಷಧಿಗಳಿಂದ ಸತ್ತವು.

ಈ ಅಂಕಿಯನ್ನು ನಾನು ಮೊದಲ ಸಲ ಓದಿದಾಗ ಮುಂದೆ ಓದಲು ಆಗಲಿಲ್ಲ. ಆ 30 ಕೂಸುಗಳನ್ನು ಕೈಯಲ್ಲಿ ಹಿಡಿದವರು, ಬಟ್ಟೆ ಸುತ್ತಿ ಮಣ್ಣಿಗೆ ಕಳಿಸಿದವರು ಆ ಮನೆಯ ಹೆಂಗಸೇ ತಾನೇ? ತನಗೆ ಮಕ್ಕಳಿಲ್ಲ ಅಂತ ಊರವರಿಂದ ಅನ್ನಿಸಿಕೊಳ್ಳುತ್ತಿದ್ದ ಹೆಂಗಸು. ಮಕ್ಕಳಾಗಲಿಲ್ಲ ಎಂದು ಜೋತಿಬಾಗೆ ಎರಡನೇ ಮದುವೆ ಮಾಡಲು ನೆಂಟರು ಗಂಟುಬಿದ್ದಿದ್ದರು. ಜೋತಿಬಾ ಅದಕ್ಕೆ ಒಪ್ಪಲಿಲ್ಲ. ಸಾವಿತ್ರಿಬಾಯಿ ಕುಗ್ಗಲಿಲ್ಲ. ಅಂಗಳದ ಬಾಗಿಲು ಮುಚ್ಚಲಿಲ್ಲ.

*ಯಶವಂತ*

1874ರಲ್ಲಿ ಕಾಶೀಬಾಯಿ ಎಂಬ ಒಬ್ಬ ಬ್ರಾಹ್ಮಣ ವಿಧವೆ ಬಂದಳು. ಬಸುರಿ. ಸಾಯಲು ಹೊರಟಿದ್ದವಳನ್ನು ಜೋತಿಬಾ ತಡೆದು ಮನೆಗೆ ಕರೆತಂದರು. ಗಂಡು ಮಗು ಹುಟ್ಟಿತು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಸಾವಿತ್ರಿಬಾಯಿ. ಆ ಮಗು ಆ ಮನೆಯಲ್ಲೇ ಉಳಿಯಿತು. ಅವನೇ ಯಶವಂತ.

ಜಾತಿಯ ಬಲೆ ಎಷ್ಟು ಗೋಜಲು ನೋಡಿ. ಬ್ರಾಹ್ಮಣರ ಕಣ್ಣಿಗೆ ಆ ಮಗು ಪಾಪದ ಪಿಂಡ. ಮಾಳಿ ನೆಂಟರ ಕಣ್ಣಿಗೆ ಅವನು ಕುಲಕ್ಕೆ ಸೇರದವನು, ಆಸ್ತಿಗೆ ಕನ್ನ ಹಾಕಲು ಬಂದವನು. ಹಳಬರಿಗೂ ಬೇಡ, ಹೊಸಬರಿಗೂ ಬೇಡ. ಜೀವನವಿಡೀ ಪುರೋಹಿತಶಾಹಿಯ ವಿರುದ್ಧ ಬರೆದ ಜೋತಿಬಾ ಬ್ರಾಹ್ಮಣ ಹೆಣ್ಣಿನ ಮಗುವನ್ನು ತಮ್ಮ ಮಗ ಅಂದರು. ಅವರ ಹಗೆ ಜನರ ಮೇಲಲ್ಲ, ಜನರನ್ನು ಮೇಲು ಕೀಳು ಮಾಡುವ ಕಟ್ಟಳೆಯ ಮೇಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯಶವಂತ ಬೆಳೆದ ಮನೆ ಎಂಥದ್ದು? ಆ ಮನೆಯ ನೀರಿನ ತೊಟ್ಟಿಯನ್ನು 1868ರಲ್ಲೇ ಅಸ್ಪೃಶ್ಯರಿಗೆ ತೆರೆದಿದ್ದರು. ಅವನು ಹುಟ್ಟುವ ಹಿಂದಿನ ವರ್ಷ, 1873ರ ಸೆಪ್ಟೆಂಬರ್ 24ರಂದು, ಸತ್ಯಶೋಧಕ ಸಮಾಜ ಹುಟ್ಟಿತ್ತು. ಅವನು ತೊದಲು ಮಾತಾಡುವ ವಯಸ್ಸಿಗೆ ಮಹಾರಾಷ್ಟ್ರದಲ್ಲಿ ಭೀಕರ ಬರಗಾಲ. 1877ರಲ್ಲಿ ಸಾವಿತ್ರಿಬಾಯಿ ಜುನ್ನರ್ ಕಡೆಯ ಓತೂರಿನಿಂದ ಜೋತಿಬಾಗೆ ಬರೆದ ಕಾಗದ ಇದೆ. ಹಳ್ಳಿಹಳ್ಳಿ ತಿರುಗಿ ಹಸಿದವರಿಗೆ ಅನ್ನ ಹಾಕುವ ಕೆಲಸದಲ್ಲಿದ್ದರು ಆಗ. ಹಸಿದ ಮಕ್ಕಳು ಒಟ್ಟಿಗೆ ಕೂತು ಉಣ್ಣುವುದನ್ನು ನೋಡುತ್ತ ಬೆಳೆದ ಹುಡುಗ ಅವನು. ಜಾತಿ ಬೇಡ ಅಂತ ಅವನಿಗೆ ಯಾರೂ ಬೋಧನೆ ಮಾಡುವ ಅಗತ್ಯವಿರಲಿಲ್ಲ. ಅವನ ಅಂಗಳವೇ ಹಾಗಿತ್ತು.

*ಉಯಿಲಿನ ಒಂದು ಮಾತು*

1887ರ ಜುಲೈ 10ರಂದು ಜೋತಿಬಾ ಉಯಿಲು ಬರೆದರು. ಅದರಲ್ಲಿ ಯಶವಂತನ ಹುಟ್ಟನ್ನು ಮುಚ್ಚಿಡಲಿಲ್ಲ. ಅವನ ಹೆತ್ತ ತಾಯಿ ಯಾರು, ಅವನ ನಾಳ ಕತ್ತರಿಸಿ ಬೆಳೆಸಿದವರು ಯಾರು ಎಂಬುದನ್ನು ನೇರವಾಗಿ ಬರೆದು ಅವನನ್ನು ವಾರಸುದಾರ ಮಾಡಿದರು. ಆದರೆ ಅಲ್ಲಿ ಇನ್ನೊಂದು ಮಾತೂ ಇದೆ. ಯಶವಂತ ಓದದೆ, ನಡತೆ ಕೆಟ್ಟು ಹೋದರೆ, ಮಾಳಿ, ಕುಣಬಿ, ಧನಗರರಂಥ ಜಾತಿಗಳ ಒಬ್ಬ ಚುರುಕು ಹುಡುಗನನ್ನು ಆರಿಸಿ ಸಾವಿತ್ರಿಬಾಯಿ ಆಸ್ತಿಯನ್ನು ಅವನಿಗೆ ವಹಿಸಬೇಕು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಹದಿಮೂರು ವರ್ಷದ ಹುಡುಗ. ಹೊರಗಿನವರೆಲ್ಲ ನೀನು ನಮ್ಮವನಲ್ಲ ಅನ್ನುವಾಗ ಸಾಕಿದ ಅಪ್ಪನೂ ಷರತ್ತು ಹಾಕುವುದೇ? ನಮ್ಮ ಅಧ್ಯಯನ ವರ್ತುಲದಲ್ಲಿ ಇದರ ಬಗ್ಗೆ ಮಾತು ಬಂದಾಗ ಇಬ್ಬರು ಹಿರಿಯರು ಜೋತಿಬಾ ಮಾಡಿದ್ದು ಸರಿ ಅಂದರು. ನಾನು ಒಪ್ಪಲಿಲ್ಲ. ಇಂದಿಗೂ ಪೂರ್ತಿ ಒಪ್ಪಿಲ್ಲ. ಆದರೆ ಆಮೇಲೆ ನಿಧಾನಕ್ಕೆ ಒಂದು ವಿಷಯ ಹೊಳೆಯಿತು. ರಕ್ತದ ಹಕ್ಕು ಸುಳ್ಳು ಎಂದು ಹೇಳಿದ ಮನುಷ್ಯ, ದತ್ತಕದ ಹಕ್ಕೂ ರಕ್ತದ ಹಕ್ಕಿನ ಹಾಗೆ ಆಗಬಾರದು ಅಂದುಕೊಂಡಿರಬೇಕು. ಹುಟ್ಟಿನಿಂದ ಯಾರೂ ಮೇಲಲ್ಲ, ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯೇ ಅಳತೆ ಎಂದು ಭಗವಾನ್ ಬುದ್ಧರು ಹೇಳಿದ್ದನ್ನು ನಾವು ಬೇರೆಯವರಿಗೆ ಹೇಳುತ್ತೇವೆ. ಜೋತಿಬಾ ಅದನ್ನು ತಮ್ಮ ಮಗನಿಗೂ ಹೇಳಿದರು. ನ್ಯಾಯದ ಮಾತು ಅವರದು. ಆ ಮಾತಿನ ಬಿಸಿ ಮಗುವಿಗೆ ತಾಗದಂತೆ ನೆರಳಾಗಿ ನಿಂತವರು ಸಾವಿತ್ರಿಬಾಯಿ. ಒಂದು ಮನೆಗೆ ಎರಡೂ ಬೇಕು.

*ಮದುವೆ ಮತ್ತು ಮಡಕೆ*

1888ರಲ್ಲಿ ಜೋತಿಬಾಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯುವುದು ಕಲಿತು ಕೊನೆಯ ಪುಸ್ತಕ ಬರೆದರು. ಕೈಯಲ್ಲಿ ಕಾಸಿಲ್ಲ. ಮಾಮಾ ಪರಮಾನಂದರು ಬರೋಡಾದ ಸಯಾಜಿರಾವ್ ಗಾಯಕವಾಡರಿಗೆ ನೆರವು ಕೇಳಿ ಪತ್ರ ಬರೆಯಬೇಕಾದ ಸ್ಥಿತಿ. ಹೌದು, ಮುಂದೆ 1913ರಲ್ಲಿ ನಮ್ಮ ಬಾಬಾಸಾಹೇಬರನ್ನು ಕೊಲಂಬಿಯಾಕ್ಕೆ ಓದಲು ಕಳಿಸಿದ ಅದೇ ಮಹಾರಾಜರು.

ಇಂಥ ಹೊತ್ತಿನಲ್ಲಿ ಯಶವಂತನಿಗೆ ಹೆಣ್ಣು ಹುಡುಕಬೇಕಿತ್ತು. ವಿಧವೆಯ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ? ಮುಂದೆ ಬಂದವರು ಸತ್ಯಶೋಧಕ ಗೆಳೆಯ ಗ್ಯಾನೋಬಾ ಸಸಾಣೆ. ಅವರ ಮಗಳು ರಾಧಾಳ ಜೊತೆ 1889ರ ಫೆಬ್ರವರಿ 4ರಂದು ಪುರೋಹಿತರಿಲ್ಲದೆ ಸತ್ಯಶೋಧಕ ಪದ್ಧತಿಯಲ್ಲಿ ಮದುವೆಯಾಯಿತು. ಇಂದಿನ ಲೆಕ್ಕದಲ್ಲಿ ಇಬ್ಬರೂ ಇನ್ನೂ ಮಕ್ಕಳು, ಅದನ್ನು ಮುಚ್ಚಿಡುವುದು ಬೇಡ. ಆದರೆ ಮದುವೆಗೆ ಮೊದಲೇ ಸಾವಿತ್ರಿಬಾಯಿ ಆ ಹುಡುಗಿಯನ್ನು ಮನೆಗೆ ಕರೆತಂದು ಇಟ್ಟುಕೊಂಡರು, ಓದಲು ಬಿಡುವು ಸಿಗಲಿ ಅಂತ ಮನೆಗೆಲಸ ತಾವೇ ಮಾಡಿದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ತಮಗೆ ಸಗುಣಾಬಾಯಿ ಮಾಡಿದ್ದನ್ನು ಸೊಸೆಗೆ ಮಾಡಿದರು.

1890ರ ನವೆಂಬರ್ 28ರಂದು ಜೋತಿಬಾ ತೀರಿಕೊಂಡರು. ಹೆಣದ ಮುಂದೆಯೇ ಜಗಳ ಶುರುವಾಯಿತು. ಮುಂದೆ ಬೆಂಕಿಯ ಮಡಕೆ ಹಿಡಿಯುವವನೇ ವಾರಸುದಾರ. ದತ್ತಕ ಮಗನಿಗೆ ಆ ಹಕ್ಕಿಲ್ಲ ಅಂತ ನೆಂಟರು ತಕರಾರು ತೆಗೆದರು. ಹದಿನಾರು ವರ್ಷದ ಯಶವಂತ ಅಪ್ಪನ ಶವದ ಮುಂದೆ ತಾನು ಮಗನೋ ಅಲ್ಲವೋ ಎಂಬ ವಾದ ಕೇಳುತ್ತ ನಿಂತಿದ್ದ. ಆಗ ಸಾವಿತ್ರಿಬಾಯಿ ಮುಂದೆ ಬಂದು ಮಡಕೆಯನ್ನು ತಾವೇ ಹಿಡಿದರು. ಹೆಂಗಸರು ಸುಡುಗಾಡಿಗೆ ಕಾಲಿಡದ ಕಾಲದಲ್ಲಿ ಮೆರವಣಿಗೆಯ ಮುಂದೆ ನಡೆದರು. ಗಂಡನ ಚಿತೆಗೆ ಬೆಂಕಿ ಇಟ್ಟರು.

ಇದನ್ನು ನಾವು ಸಾಮಾನ್ಯವಾಗಿ ಮಹಿಳಾ ಹಕ್ಕಿನ ಕತೆಯಾಗಿ ಹೇಳುತ್ತೇವೆ. ಅದು ಸರಿಯೇ. ನಾನು ಅದನ್ನು ತಾಯಿಯ ಕತೆಯಾಗಿಯೂ ಓದುತ್ತೇನೆ. ಮಗನ ಹುಟ್ಟನ್ನು ಬೀದಿಯಲ್ಲಿ ಹರಾಜು ಹಾಕುತ್ತಿದ್ದ ವಾದವನ್ನು ಅವರು ಒಂದು ಮಾತೂ ವ್ಯರ್ಥ ಮಾಡದೆ ನಿಲ್ಲಿಸಿಬಿಟ್ಟರು.

ಮರುವರ್ಷ, 1891ರಲ್ಲಿ, ಅಪ್ಪ ಎಡಗೈಯಲ್ಲಿ ಬರೆದಿದ್ದ ಸಾರ್ವಜನಿಕ ಸತ್ಯಧರ್ಮ ಪುಸ್ತಕವನ್ನು ಅಚ್ಚು ಹಾಕಿಸಿದವನು ಯಶವಂತ. ಆಸ್ತಿ ಅಂತ ಆ ಮನೆಯಲ್ಲಿ ಇದ್ದದ್ದು ಅದೇ. ಅದನ್ನು ಅವನು ಕಾಪಾಡಿದ. ಅದೇ ವರ್ಷ ಏಪ್ರಿಲ್ 14ರಂದು ಮಹೂನಲ್ಲಿ ನಮ್ಮ ಬಾಬಾಸಾಹೇಬರು ಹುಟ್ಟಿದರು. ಮುಂದೆ ಅವರು ಬುದ್ಧ, ಕಬೀರರ ಜೊತೆ ಜೋತಿಬಾರನ್ನು ತಮ್ಮ ಗುರು ಎಂದರು.

*ಬೆನ್ನ ಮೇಲಿನ ಮಗು*

ಯಶವಂತ ಡಾಕ್ಟರಾದ, ಸೈನ್ಯದಲ್ಲಿ ಕೆಲಸಕ್ಕೆ ಸೇರಿದ. 1895ರಲ್ಲಿ ರಾಧಾ ತೀರಿಕೊಂಡಳು. 1897ರಲ್ಲಿ ಪುಣೆಗೆ ಪ್ಲೇಗ್ ಹಬ್ಬಿತು. ಸಾವಿತ್ರಿಬಾಯಿ ಮಗನನ್ನು ಕರೆಸಿಕೊಂಡರು. ಜಗತ್ತಿನ ತಾಯಂದಿರು ರೋಗ ಬಂದ ಊರಿಂದ ಮಗನನ್ನು ದೂರ ಕಳಿಸುತ್ತಾರೆ. ಈ ತಾಯಿ ಹತ್ತಿರ ಕರೆದರು. ಹಡಪಸರದ ಹತ್ತಿರ ಸಸಾಣೆಯವರ ತೋಟದಲ್ಲಿ ಊರ ಹೊರಗೆ ಆಸ್ಪತ್ರೆ ಹಾಕಿದರು. ಮಗ ಮದ್ದು ಕೊಟ್ಟ, ಅರವತ್ತಾರು ವರ್ಷದ ತಾಯಿ ರೋಗಿಗಳನ್ನು ಹೊತ್ತು ತಂದರು.

ಮುಂಢವಾದ ಮಹಾರ್ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ಅಂತ ತಿಳಿಯಿತು. ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಕಾಲ, ಮುಟ್ಟಿದರೆ ಸಾವು ಅನ್ನುವ ರೋಗ. ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದರು. ಹುಡುಗ ಬದುಕಿದ. ಸಾವಿತ್ರಿಬಾಯಿಗೆ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಒಂದು ಮಗುವನ್ನು ಬ್ರಾಹ್ಮಣ ವಿಧವೆಯ ಮಡಿಲಿಂದ ಎತ್ತಿಕೊಂಡರು. ಇನ್ನೊಂದು ಮಗುವನ್ನು ಮಹಾರ್ ಕೇರಿಯಿಂದ ಎತ್ತಿಕೊಂಡರು. ಎರಡು ಮಕ್ಕಳನ್ನು ಎತ್ತಿದ್ದು ಒಂದೇ ಕೈ. ಮೆತ್ತ ಸುತ್ತದ ಬಗ್ಗೆ ನನಗಿದ್ದ ಅನುಮಾನ ಅಲ್ಲಿಗೆ ಹೋಯಿತು.

*ನನ್ನ ಮನೆಯ ಮಾತು*

ಇದನ್ನು ಯಾಕೆ ಇಂದು ಬರೆದೆ ಅಂತ ಹೇಳಿಬಿಡುತ್ತೇನೆ. ನನ್ನ ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ನಾಲ್ಕು ವರ್ಷದಿಂದ ನನ್ನ ಹತ್ತಿರ ಇದ್ದಾಳೆ. ನಾನು ಮದುವೆಯಾದವಳಲ್ಲ. ನಾವು ಧಮ್ಮಕ್ಕೆ ಬಂದು ಹದಿನೈದು ವರ್ಷವಾದರೂ ನೆಂಟರಲ್ಲಿ ಅರ್ಧ ಜನ ಇನ್ನೂ ಹಳೆಯ ದಾರಿಯಲ್ಲೇ ಇದ್ದಾರೆ. ಕಳೆದ ತಿಂಗಳು ಹಿರಿಯರು ಬಂದು ಕೂತರು. ತಾಯಿಯಿಲ್ಲದ ಕೂಸು, ಮನೆದೇವರಿಗೆ ಮುಡಿ ಕೊಟ್ಟಿಲ್ಲ, ಅಕ್ಕನಿಗೆ ಪಿಂಡ ಇಟ್ಟಿಲ್ಲ, ಅದಕ್ಕೇ ಮಗು ಪದೇ ಪದೇ ಕಾಯಿಲೆ ಬೀಳುತ್ತಿದೆ ಅಂದರು. ನಾನು ಹೆತ್ತವಳಲ್ಲ, ತೀರ್ಮಾನ ಮಾಡಲು ನನಗೆ ಹಕ್ಕಿಲ್ಲ ಅಂತಲೂ ಅಂದರು. ಆ ಕೊನೆಯ ಮಾತು ಒಳಗೆ ಹೊಕ್ಕಿತು.

22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡದಾನ ಮಾಡುವುದಿಲ್ಲ ಅಂತ ನಾನು ಬಾಯಿ ತುಂಬ ಹೇಳಿದವಳು. ಆದರೂ ಆ ರಾತ್ರಿ ಮಗುವಿಗೆ ಮತ್ತೆ ಜ್ವರ ಬಂದಾಗ, ಒಂದು ಸಲ ಮುಡಿ ಕೊಟ್ಟು ಬಂದರೆ ಏನಾಗುತ್ತದೆ ಅಂತ ಅನ್ನಿಸಿದ್ದು ನಿಜ. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಭಯ ಬಂದಾಗ ಪ್ರತಿಜ್ಞೆ ದೂರ ಕಾಣುತ್ತದೆ, ಮನೆದೇವರು ಹತ್ತಿರ ಕಾಣುತ್ತಾರೆ.

ಬೆಳಿಗ್ಗೆ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಕಡಿಮೆ ಇತ್ತು, ಮದ್ದು ಕೊಟ್ಟರು, ಊಟ ಸರಿ ಮಾಡಿ ಅಂದರು. ಈಗ ಪರವಾಗಿಲ್ಲ. ನೆಂಟರು ಮಾತ್ರ ಮಾತು ಬಿಟ್ಟಿದ್ದಾರೆ. ಮೊನ್ನೆ ಮಗು, ದೊಡ್ಡಪ್ಪ ಯಾಕೆ ಮನೆಗೆ ಬರುವುದಿಲ್ಲ ಅಂತ ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ನಾವು ಆರಿಸಿಕೊಂಡ ದಾರಿಯ ಬೆಲೆಯನ್ನು ಮಕ್ಕಳೂ ತೆರುತ್ತಾರೆ ಎಂಬುದು ಆಗ ಅರ್ಥವಾಯಿತು. ಯಶವಂತನೂ ತೆತ್ತ. ಸಾವಿತ್ರಿಬಾಯಿ ಅದನ್ನು ಅವನಿಂದ ಮುಚ್ಚಿಡಲಿಲ್ಲ, ಅವನೊಬ್ಬನೇ ತೆರಲೂ ಬಿಡಲಿಲ್ಲ.

ಆಮೇಲೆ ಮಗುವನ್ನು ಪಕ್ಕ ಕೂರಿಸಿಕೊಂಡು ಅವಳ ಅಮ್ಮನ ಫೋಟೋ ತೋರಿಸಿದೆ. ನಿನ್ನನ್ನು ಹೆತ್ತವಳು ಇವಳು, ಬೆಳೆಸುವವಳು ನಾನು ಅಂತ ಹೇಳಿದೆ. ದೊಡ್ಡಪ್ಪನಿಗೆ ನನ್ನ ಮೇಲೆ ಕೋಪ, ನಿನ್ನ ಮೇಲಲ್ಲ ಅಂತಲೂ ಹೇಳಿದೆ. ಈ ಭಾನುವಾರ ಅವಳನ್ನು ಕರೆದುಕೊಂಡು ನಾವೇ ಅವರ ಮನೆಗೆ ಹೋಗುತ್ತೇವೆ. ಮುಡಿ ಕೊಡಲು ಅಲ್ಲ, ಊಟಕ್ಕೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ ನೋಡಬೇಕು. ನಮ್ಮ ಕಡೆಯ ಬಾಗಿಲು ಮಾತ್ರ ತೆರೆದೇ ಇರುತ್ತದೆ.

*ಇಂದಿನ ಅಭ್ಯಾಸ*

ಬಂಧುಗಳೇ, ಇಂದು ಹತ್ತು ನಿಮಿಷ ಮೆತ್ತ ಭಾವನೆ ಮಾಡುವಾಗ ನಿಮ್ಮ ಮಗುವನ್ನು ಮೊದಲು ನೆನೆಯಿರಿ. ಆಮೇಲೆ ನೀವು ಹೆರದ ಒಂದು ಮಗುವನ್ನು ನೆನೆಯಿರಿ. ನಿಮ್ಮ ಬೀದಿಯಲ್ಲಿ, ಹಾಸ್ಟೆಲಿನಲ್ಲಿ, ನೆಂಟರಲ್ಲಿ ಅಂಥ ಒಂದು ಮಗು ಇದ್ದೇ ಇರುತ್ತದೆ. ಈ ವಾರ ಆ ಮಗುವಿಗೆ ಒಂದು ಪುಸ್ತಕವೋ, ಒಂದು ಹೊತ್ತಿನ ಊಟವೋ, ಅರ್ಧ ಗಂಟೆ ಪಾಠವೋ ಕೊಡಿ. ಆ ಮಗುವನ್ನು ಸಾಕುತ್ತಿರುವವರು ಒಬ್ಬಂಟಿಯಾಗಿದ್ದರೆ ಅವರ ಮನೆಗೂ ಒಮ್ಮೆ ಹೋಗಿ ಬನ್ನಿ.

ಸಾಕುವ ಕೈಗಳೆಲ್ಲ ಗಟ್ಟಿಯಾಗಿರಲಿ. ಎಲ್ಲ ಮಕ್ಕಳೂ ಸುಖವಾಗಿರಲಿ.

ನಮೋ ಬುದ್ಧಾಯ. ಜೈ ಜೋತಿ. ಜೈ ಸಾವಿತ್ರಿ. ಜೈ ಭೀಮ್. 🙏💙